ಪಾದ್ರಿ ಒಲ್ಲೆನೆಂದ ಸಾಕ್ಷ್ಯ

ವಿಜ್ಞಾನ ಮತ್ತು ಕ್ರೈಸ್ತ ಶ್ರದ್ಧೆ ಎಂಬ ಮಾತು ಬಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರಿಗೆ ಬರುವುದು ೧೬೩೩ನೆಯ ಇಸವಿಯ ರೋಮ್ ನಗರ. ಎಪ್ಪತ್ತರ ಅಂಚಿನಲ್ಲಿದ್ದ ಗೆಲಿಲಿಯೋ ಧರ್ಮಸಭೆಯ ವಿಚಾರಣಾಧಿಕಾರಿಗಳ ಮುಂದೆ ಮೊಣಕಾಲೂರಿ, ಭೂಮಿ ಚಲಿಸುತ್ತದೆಂಬ ತನ್ನ ಮತವನ್ನು ಬಿಟ್ಟುಕೊಟ್ಟಿದ್ದೇನೆಂದು ಓದಿ ಹೇಳಿದ ದೃಶ್ಯ ಅದು. ವಿಜ್ಞಾನ ಒಂದು ಸತ್ಯವನ್ನು ತಂದಿತು, ಧರ್ಮಪೀಠ ಅದನ್ನು ತಳ್ಳಿತು ಎಂಬುದು ಆ ಕಥೆಯ ಸಾರ. ಅದು ಸುಳ್ಳಲ್ಲ. ಆದರೆ ಆ ಒಂದೇ ಕಥೆಯಿಂದ ಈ ಎರಡರ ಸಂಬಂಧವನ್ನು ಅಳೆಯಹೊರಟರೆ ನಾವು ಬಹಳಷ್ಟನ್ನು ಕಳೆದುಕೊಳ್ಳುತ್ತೇವೆ.

ನಾನು ಇಂದು ಹೇಳಬೇಕೆಂದಿರುವುದು ಇದಕ್ಕೆ ತೀರ ತಿರುಗಾಮುರುಗಾ ಆದ ಇನ್ನೊಂದು ಕಥೆ. ಇದರಲ್ಲಿ ಧರ್ಮಪೀಠ ವಿಜ್ಞಾನವನ್ನು ತಳ್ಳುವುದಿಲ್ಲ. ಎರಡು ಕೈಯನ್ನೂ ಚಾಚಿ ಬರಮಾಡಿಕೊಳ್ಳುತ್ತದೆ. ಹಿಂದೆ ಸರಿಯುವವರು ವಿಜ್ಞಾನಿ. ಆ ವಿಜ್ಞಾನಿಯಾದರೂ ನಾಸ್ತಿಕರಲ್ಲ. ದೀಕ್ಷೆ ಪಡೆದ ಕಥೋಲಿಕ ಪಾದ್ರಿ. ಅವರ ಹೆಸರು ಜಾರ್ಜ್ ಲೆಮೇತ್ರ. ಇಂದು ಶಾಲೆಯ ಮಕ್ಕಳೂ ಬಲ್ಲ ಮಹಾಸ್ಫೋಟದ ಕಲ್ಪನೆಗೆ ಮೊದಲ ರೂಪವನ್ನು ಕೊಟ್ಟವರು ಅವರೇ.

ಲೆಮೇತ್ರರು ಹುಟ್ಟಿದ್ದು ೧೮೯೪ರ ಜುಲೈ ೧೭ರಂದು, ಬೆಲ್ಜಿಯಂ ದೇಶದ ಶಾರ್ಲರ್ವಾ ಎಂಬ ಕಲ್ಲಿದ್ದಲ ಗಣಿಗಳ ಊರಿನಲ್ಲಿ. ಜೆಸ್ವಿಟ್ ಗುರುಗಳ ಶಾಲೆಯಲ್ಲಿ ಓದಿ, ಎಂಜಿನಿಯರಾಗಲೆಂದು ಲೂವೆನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ೧೯೧೪ರ ಆಗಸ್ಟಿನಲ್ಲಿ ಜರ್ಮನಿಯ ಸೇನೆ ಬೆಲ್ಜಿಯಮ್ಮಿನ ಮೇಲೆ ಏರಿಬಂತು. ಇಪ್ಪತ್ತು ವರ್ಷದ ಲೆಮೇತ್ರ ಸ್ವಯಂಸೇವಕನಾಗಿ ಸೈನ್ಯಕ್ಕೆ ಸೇರಿ, ಯುದ್ಧ ಮುಗಿಯುವವರೆಗೂ ಕಾಲಾಳಾಗಿ, ಬಳಿಕ ಫಿರಂಗಿ ದಳದಲ್ಲಿ ದುಡಿದರು, ಶೌರ್ಯಪದಕವನ್ನೂ ಪಡೆದರು. ಕಂದಕಗಳಲ್ಲಿ ಅವರ ಸಂಗಡ ಎರಡು ಬಗೆಯ ಓದು ಇತ್ತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಒಂದು ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆಯ ಭೌತವಿಜ್ಞಾನದ ಗ್ರಂಥ. ಇನ್ನೊಂದು ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡ. ಹೆಣಗಳ ನಡುವೆ ಕುಳಿತ ಆ ತರುಣನಿಗೆ ಲೋಕ ಹೇಗೆ ಹುಟ್ಟಿತೆಂಬ ಪ್ರಶ್ನೆ ಬರಿಯ ಪಾಠದ ಪ್ರಶ್ನೆಯಾಗಿ ಇದ್ದಿರಲಾರದು.

ಯುದ್ಧದಿಂದ ಹಿಂದಿರುಗಿದ ಮೇಲೆ ಅವರು ಎಂಜಿನಿಯರಿಂಗ್ ಬಿಟ್ಟು ಗಣಿತವನ್ನು ಹಿಡಿದರು. ೧೯೨೦ರಲ್ಲಿ ಡಾಕ್ಟರೇಟ್ ಪಡೆದು ಅದೇ ವರ್ಷ ಗುರುಮಠಕ್ಕೆ ಸೇರಿದರು. ೧೯೨೩ರ ಸೆಪ್ಟೆಂಬರ್ ೨೨ರಂದು ಕಾರ್ಡಿನಲ್ ಮರ್ಸಿಯೇ ಅವರಿಂದ ಗುರುದೀಕ್ಷೆಯಾಯಿತು. ಈ ನಡುವೆ, ೧೯೨೧ರಲ್ಲಿ, ಅವರು ಒಂದು ಬರಹವನ್ನು ಬರೆದಿಟ್ಟಿದ್ದರು. ಆದಿಕಾಂಡದ ಮೊದಲ ವಾಕ್ಯಗಳನ್ನು, ದೇವರು ಬೆಳಕಿಗೆ ಅಪ್ಪಣೆ ಕೊಟ್ಟ ಆ ಪ್ರಸಂಗವನ್ನು, ಅಂದಿನ ಭೌತವಿಜ್ಞಾನದ ನುಡಿಯಲ್ಲಿ ಅರ್ಥೈಸುವ ಪ್ರಯತ್ನ ಅದು. ಬೆಳಕಿಲ್ಲದೆ ವಸ್ತುವಿಲ್ಲ; ಆದ್ದರಿಂದ ಬೆಳಕಿನ ಸೃಷ್ಟಿಯೆಂದರೆ ಜಗತ್ತಿನ ಸೃಷ್ಟಿಯೇ ಎಂಬ ದಿಕ್ಕಿನಲ್ಲಿ ಅವರ ಯೋಚನೆ ಹರಿದಿತ್ತು. ಅದನ್ನು ಅವರು ಅಚ್ಚಿಗೆ ಕೊಡಲಿಲ್ಲ. ಧರ್ಮಗ್ರಂಥದ ಮಾತಿಗೂ ಭೌತವಿಜ್ಞಾನದ ಮಾತಿಗೂ ಗಂಟುಹಾಕುವ ಆ ದಾರಿಯನ್ನು ಸ್ವಲ್ಪ ಕಾಲದಲ್ಲಿಯೇ ಬಿಟ್ಟುಕೊಟ್ಟರು. ಮುಂದೆ ನಡೆದುದನ್ನು ತಿಳಿಯಲು ಈ ಸಂಗತಿ ಮುಖ್ಯ. ಇತರರಲ್ಲಿ ಅವರು ತಿದ್ದಬೇಕೆಂದುಕೊಂಡ ತಪ್ಪನ್ನು ಮೊದಲು ತಮ್ಮಲ್ಲಿಯೇ ಕಂಡುಕೊಂಡು ತಿದ್ದಿಕೊಂಡವರು ಅವರು.

ದೀಕ್ಷೆಯಾದ ಮೇಲೆ ಅವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡಿಂಗ್ಟನ್ನರ ಬಳಿ ಒಂದು ವರ್ಷ ಇದ್ದು, ಬಳಿಕ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹೋದರು. ಆಗ ಖಗೋಳವಿಜ್ಞಾನದಲ್ಲಿ ಒಂದು ಒಗಟು ಎದ್ದಿತ್ತು. ಆಕಾಶದಲ್ಲಿ ಮಂಜಿನ ತುಣುಕುಗಳಂತೆ ಕಾಣುವ ಸುರುಳಿ ನೀಹಾರಿಕೆಗಳು ನಮ್ಮ ಆಕಾಶಗಂಗೆಯ ಆಚೆಗಿರುವ ಬೇರೆ ಬೇರೆ ನಕ್ಷತ್ರಲೋಕಗಳೆಂಬುದು ಆಗತಾನೆ ದೃಢಪಡುತ್ತಿತ್ತು. ಅವುಗಳ ಬೆಳಕನ್ನು ಒಡೆದು ನೋಡಿದ ಅಮೆರಿಕದ ಸ್ಲೈಫರ್ ಎಂಬ ವಿಜ್ಞಾನಿಗೆ ಹೆಚ್ಚಿನವುಗಳ ರೋಹಿತದ ಗೆರೆಗಳು ಕೆಂಪಿನ ಕಡೆಗೆ ಸರಿದಿರುವುದು ಕಂಡಿತ್ತು. ನಿಲ್ದಾಣವನ್ನು ಬಿಟ್ಟು ದೂರ ಓಡುವ ರೈಲಿನ ಸಿಳ್ಳು ನಮ್ಮ ಕಿವಿಗೆ ತಗ್ಗಿದ ಸ್ವರದಲ್ಲಿ ಕೇಳುವುದಷ್ಟೆ. ಹಾಗೆಯೇ ನಮ್ಮಿಂದ ದೂರ ಸರಿಯುವ ವಸ್ತುವಿನ ಬೆಳಕು ಕೆಂಪಿಗೆ ವಾಲುತ್ತದೆ. ಈ ನೀಹಾರಿಕೆಗಳೆಲ್ಲ ನಮ್ಮಿಂದ ಏಕೆ ಓಡಿಹೋಗುತ್ತಿವೆ ಎಂಬುದೇ ಆ ಒಗಟು.

ಅತ್ತ ಐನ್‌ಸ್ಟೈನರು ತಮ್ಮ ಸಾಪೇಕ್ಷತಾ ಸಿದ್ಧಾಂತವನ್ನು ೧೯೧೭ರಲ್ಲಿ ಇಡೀ ವಿಶ್ವಕ್ಕೆ ಅನ್ವಯಿಸಿದ್ದರು. ಸಮೀಕರಣಗಳು ವಿಶ್ವವನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ಅದು ನಿಶ್ಚಲವಾಗಿಯೇ ಇರಬೇಕೆಂದು ನಂಬಿದ್ದ ಅವರು ಅದಕ್ಕಾಗಿ ಒಂದು ಹೊಸ ಪದವನ್ನು, ವಿಶ್ವಸ್ಥಿರಾಂಕವೆಂಬುದನ್ನು, ಸಮೀಕರಣಕ್ಕೆ ಸೇರಿಸಿದರು. ವಿಶ್ವ ಹಿಗ್ಗಬಹುದು ಇಲ್ಲವೆ ಕುಗ್ಗಬಹುದು ಎಂಬುದನ್ನು ರಷ್ಯದ ಫ್ರೀಡ್‌ಮನ್ ೧೯೨೨ರಲ್ಲಿಯೇ ಗಣಿತದಿಂದ ತೋರಿಸಿದ್ದರು. ಲೆಮೇತ್ರರಿಗೆ ಅದು ತಿಳಿದಿರಲಿಲ್ಲ. ಅವರು ತಾವಾಗಿಯೇ ಆ ಫಲಿತಾಂಶವನ್ನು ತಲಪಿ, ಇನ್ನೂ ಒಂದು ಹೆಜ್ಜೆ ಮುಂದಿಟ್ಟರು: ಕಾಗದದ ಮೇಲಿನ ಗಣಿತವನ್ನು ಆಕಾಶದಲ್ಲಿ ಕಂಡ ಕೆಂಪು ಸರಿತದೊಡನೆ ಜೋಡಿಸಿದರು. ನೀಹಾರಿಕೆಗಳು ಓಡುತ್ತಿಲ್ಲ, ಅವು ಇರುವ ಆಕಾಶವೇ ಹಿಗ್ಗುತ್ತಿದೆ. ಮಗು ಊದುವ ಬಲೂನಿನ ಮೇಲೆ ಮಸಿಯ ಚುಕ್ಕೆಗಳನ್ನಿಟ್ಟರೆ ಪ್ರತಿಯೊಂದು ಚುಕ್ಕೆಯೂ ಉಳಿದೆಲ್ಲವುಗಳಿಂದ ದೂರವಾಗುವ ಹಾಗೆ. ಹೆಚ್ಚು ದೂರದ್ದು ಹೆಚ್ಚು ವೇಗದಿಂದ ಸರಿಯಬೇಕೆಂಬ ನಿಯಮವನ್ನೂ ಹೇಳಿ, ಸುಮಾರು ಮೂವತ್ತೆರಡೂವರೆ ಲಕ್ಷ ಜ್ಯೋತಿರ್ವರ್ಷಗಳ ದೂರಕ್ಕೆ ಸೆಕೆಂಡಿಗೆ ೬೨೫ ಕಿಲೋಮೀಟರ್ ಎಂದು ಲೆಕ್ಕವನ್ನೂ ಕೊಟ್ಟರು.

ಇದು ೧೯೨೭ರಲ್ಲಿ ಬ್ರಸಲ್ಸ್ ನಗರದ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾಯಿತು. ಓದಿದವರು ಕೆಲವರೇ. ಆ ವರ್ಷದ ಶರತ್ಕಾಲದಲ್ಲಿ ಅದೇ ನಗರದಲ್ಲಿ ನಡೆದ ಸಾಲ್ವೇ ಸಮ್ಮೇಳನಕ್ಕೆ ಬಂದಿದ್ದ ಐನ್‌ಸ್ಟೈನರು ಮಾತ್ರ ಓದಿದ್ದರು. ಗಣಿತ ಸರಿಯಾಗಿದೆ, ಆದರೆ ಭೌತವಿಜ್ಞಾನದ ದೃಷ್ಟಿಯಿಂದ ಇದು ಸಹಿಸಲಾಗದ್ದು ಎಂಬ ಅರ್ಥದ ಮಾತನ್ನು ಅವರು ಆಡಿದರೆಂದು ಲೆಮೇತ್ರರೇ ಮುಂದೆ ೧೯೫೭ರಲ್ಲಿ ಬೆಲ್ಜಿಯಂ ಬಾನುಲಿಯ ಭಾಷಣವೊಂದರಲ್ಲಿ ನೆನೆದಿದ್ದಾರೆ. ೧೯೨೯ರಲ್ಲಿ ಹಬಲ್ ಅವರ ಅಳತೆಗಳು ಹೊರಬಂದ ಮೇಲೆ, ಎಡಿಂಗ್ಟನ್ನರು ತಮ್ಮ ಹಳೆಯ ಶಿಷ್ಯನ ಲೇಖನವನ್ನು ಲೋಕದ ಕಣ್ಣಿಗೆ ತಂದರು. ೧೯೩೧ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂದಾಗ, ಆ ೬೨೫ರ ಲೆಕ್ಕವಿದ್ದ ಭಾಗ ಅದರಲ್ಲಿರಲಿಲ್ಲ. ಯಾರೋ ಬೇಕೆಂದೇ ಕಿತ್ತುಹಾಕಿದರೆಂಬ ಸಂದೇಹ ಬಹುಕಾಲವಿತ್ತು. ಅನುವಾದಿಸಿದವರೂ ಲೆಮೇತ್ರರೇ, ಹಬಲ್ಲರ ಹೊಸ ಅಳತೆಗಳು ಬಂದಿರುವಾಗ ಹಳೆಯದು ಬೇಡವೆಂದು ಬಿಟ್ಟವರೂ ಅವರೇ ಎಂಬುದು ೨೦೧೧ರಲ್ಲಿ ಒಂದು ಪತ್ರದಿಂದ ತಿಳಿದುಬಂತು. ೨೦೧೮ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಆ ನಿಯಮವನ್ನು ಹಬಲ್-ಲೆಮೇತ್ರ ನಿಯಮವೆಂದು ಕರೆಯಬೇಕೆಂದು ಮತ ನೀಡಿತು. ತನ್ನ ಹಕ್ಕನ್ನು ಸಾಧಿಸಲು ಗದ್ದಲವೆಬ್ಬಿಸುವ ಸ್ವಭಾವ ಆ ಪಾದ್ರಿಯದಲ್ಲ.

ವಿಶ್ವ ಹಿಗ್ಗುತ್ತಿದ್ದರೆ ನಿನ್ನೆ ಅದು ಇಂದಿಗಿಂತ ಚಿಕ್ಕದಾಗಿತ್ತು. ಮೊನ್ನೆ ಇನ್ನೂ ಚಿಕ್ಕದು. ಹೀಗೆ ಹಿಂದುಹಿಂದಕ್ಕೆ ನಡೆದರೆ ಎಲ್ಲಿಗೆ ಮುಟ್ಟುತ್ತೇವೆ? ಎಡಿಂಗ್ಟನ್ನರು ಕ್ವೇಕರ್ ಪಂಥದ ಧರ್ಮಶ್ರದ್ಧೆಯುಳ್ಳವರು. ಆದರೂ ಪ್ರಕೃತಿಯ ಈಗಿನ ವ್ಯವಸ್ಥೆಗೆ ಒಂದು ಆರಂಭವಿತ್ತೆಂಬ ಯೋಚನೆ ತಮಗೆ ಹೇಸಿಕೆಯುಂಟುಮಾಡುತ್ತದೆಂದು ೧೯೩೧ರಲ್ಲಿ ಅವರು ಹೇಳಿದರು. ಲೆಮೇತ್ರರು ಅದಕ್ಕೆ ಉತ್ತರವಾಗಿ ಅದೇ ವರ್ಷ ಮೇ ೯ರ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಐನೂರು ಪದಗಳೂ ಇಲ್ಲದ ಪತ್ರ. ಶಕ್ತಿ ಎಂಬುದು ತುಣುಕು ತುಣುಕಾಗಿ, ಕ್ವಾಂಟಂಗಳಾಗಿ, ಹಂಚಿಕೊಂಡಿದೆ. ಕಾಲ ಸರಿದಂತೆ ತುಣುಕುಗಳ ಸಂಖ್ಯೆ ಹೆಚ್ಚುತ್ತ ಹೋಗುತ್ತದೆ. ಹಾಗಾದರೆ ಹಿಂದಕ್ಕೆ ಹೋದಂತೆ ಅವು ಕಡಿಮೆಯಾಗುತ್ತ, ಕೊನೆಗೆ ಒಂದೇ ಒಂದು ಉಳಿಯಬೇಕು. ಇರುವುದು ಒಂದೇ ಆದಾಗ ಅದಕ್ಕೆ ಮೊದಲು-ಆಮೇಲೆ, ಇಲ್ಲಿ-ಅಲ್ಲಿ ಎಂಬ ಮಾತಿಗೇ ಅರ್ಥವಿಲ್ಲ. ಅದು ಒಡೆದು ಅನೇಕವಾದ ಮೇಲೆಯೇ ದೇಶಕಾಲಗಳಿಗೆ ಅರ್ಥ. ಈ ಒಂದನ್ನು ಅವರು ಆದಿಪರಮಾಣು ಎಂದು ಕರೆದರು. ಇನ್ನೊಂದು ಕಡೆ ವಿಶ್ವದ ಮೊಟ್ಟೆ ಎಂಬ ಹೋಲಿಕೆಯನ್ನೂ ಕೊಟ್ಟರು.

ಆ ಪತ್ರದ ಬೆರಳಚ್ಚು ಪ್ರತಿ ಉಳಿದುಬಂದಿದೆ. ಅದರ ಕೊನೆಯಲ್ಲಿ ಅಚ್ಚಿನಲ್ಲಿ ಇಲ್ಲದ ಒಂದು ಭಾಗವಿದೆ. ಸಕಲವನ್ನೂ ಧರಿಸಿರುವ ಪರಮಾತ್ಮನನ್ನು ನಂಬುವವರು ಆತನು ಸ್ವಭಾವತಃ ಮರೆಯಾಗಿರುವವನೆಂದೂ ನಂಬುತ್ತಾರೆ. ಇಂದಿನ ಭೌತವಿಜ್ಞಾನ ಸೃಷ್ಟಿಯನ್ನು ಮರೆಮಾಡುವ ಒಂದು ತೆರೆಯನ್ನು ಒದಗಿಸುವುದನ್ನು ಕಂಡು ಅವರು ಸಂತೋಷಪಡಬಹುದು ಎಂಬುದು ಆ ಭಾಗದ ತಾತ್ಪರ್ಯ. ಪತ್ರವನ್ನು ಅಚ್ಚಿಗೆ ಕಳಿಸುವ ಮುನ್ನ ಅವರು ಅದನ್ನು ಗೀಟುಹಾಕಿ ಹೊಡೆದುಬಿಟ್ಟರು. ಅಲ್ಲಿರುವ ಮಾತಿನ ಸೂಕ್ಷ್ಮವನ್ನೂ ಗಮನಿಸಬೇಕು. ವಿಜ್ಞಾನ ದೇವರನ್ನು ತೋರಿಸುತ್ತದೆಂದು ಅವರು ಬರೆದಿರಲಿಲ್ಲ, ಮರೆಮಾಡುತ್ತದೆಂದು ಬರೆದಿದ್ದರು. ಅಷ್ಟನ್ನೂ ಅವರು ಒಂದು ವಿಜ್ಞಾನಪತ್ರಿಕೆಯ ಪುಟದಲ್ಲಿ ಉಳಿಯಗೊಡಲಿಲ್ಲ.

ಇಷ್ಟು ಎಚ್ಚರ ವಹಿಸಿದರೂ ಸಂದೇಹ ಅವರನ್ನು ಬಿಡಲಿಲ್ಲ. ಕೊರಳಲ್ಲಿ ಪಾದ್ರಿಯ ಬಿಳಿಯ ಪಟ್ಟಿ ಧರಿಸಿದವನೊಬ್ಬ ಜಗತ್ತಿಗೆ ಆರಂಭವಿತ್ತೆಂದು ಹೇಳಿದರೆ, ಆದಿಕಾಂಡವನ್ನು ಹಿಂಬಾಗಿಲಿನಿಂದ ಒಳಗೆ ತರುತ್ತಿದ್ದಾನೆಂದು ಜನ ತಿಳಿಯುವುದು ಸಹಜವೇ. ಆದಿಪರಮಾಣುವಿನ ವಿಚಾರ ಎತ್ತಿದಾಗ ಐನ್‌ಸ್ಟೈನರೂ ಅದು ಸೃಷ್ಟಿವಾದವನ್ನು ಅತಿಯಾಗಿ ನೆನಪಿಗೆ ತರುತ್ತದೆಂದು ಬೇಡವೆಂದರಂತೆ. ೧೯೪೮ರಲ್ಲಿ ಬಾಂಡಿ, ಗೋಲ್ಡ್ ಮತ್ತು ಹಾಯ್ಲ್ ಎಂಬ ಮೂವರು ಇಂಗ್ಲೆಂಡಿನಲ್ಲಿ ಇದಿರು ಸಿದ್ಧಾಂತವೊಂದನ್ನು ಮಂಡಿಸಿದರು. ವಿಶ್ವ ಹಿಗ್ಗುವುದು ನಿಜ. ಆದರೆ ತೆರವಾದ ಎಡೆಯಲ್ಲಿ ಹೊಸ ದ್ರವ್ಯ ಸದಾ ಹುಟ್ಟುತ್ತಿರುವುದರಿಂದ ಅದು ಎಂದಿಗೂ ಒಂದೇ ತೆರನಾಗಿರುತ್ತದೆ, ಅದಕ್ಕೆ ಆದಿಯೂ ಇಲ್ಲ ಅಂತ್ಯವೂ ಇಲ್ಲ ಎಂಬುದು ಆ ಸ್ಥಿರಸ್ಥಿತಿ ಸಿದ್ಧಾಂತ. ನಮ್ಮ ಜಯಂತ ನಾರಳೀಕರರು ಮುಂದೆ ಕೇಂಬ್ರಿಜ್‌ನಲ್ಲಿ ಈ ಹಾಯ್ಲರ ಶಿಷ್ಯರಾಗಿ ಈ ಪಕ್ಷವನ್ನು ಬಹುಕಾಲ ಬೆಳೆಸಿದರು. ೧೯೪೯ರ ಮಾರ್ಚ್ ೨೮ರಂದು ಬಿ.ಬಿ.ಸಿ.ಯಲ್ಲಿ ಮಾಡಿದ ಒಂದು ಭಾಷಣದಲ್ಲಿ ಹಾಯ್ಲರು ವಿರೋಧಪಕ್ಷದ ಕಲ್ಪನೆಗೆ ‘ಬಿಗ್ ಬ್ಯಾಂಗ್’ ಎಂಬ ಹೆಸರನ್ನಿಟ್ಟರು. ಆ ಭಾಷಣ ‘ಲಿಸನರ್’ ಎಂಬ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಬಾನುಲಿಯ ಭಾಷಣಗಳನ್ನು ಅಚ್ಚುಮಾಡುವ ಪುಟಗಳಿಂದ ಎಂಥ ಮಾತುಗಳು ಲೋಕಕ್ಕೆ ಹಬ್ಬುತ್ತವೆಂಬುದಕ್ಕೆ ಇದೊಂದು ನಿದರ್ಶನ.

ವಾದ ಹೀಗೆ ಕಾವೇರಿದ್ದಾಗ, ೧೯೫೧ರ ನವೆಂಬರ್ ೨೨ರಂದು, ಪೋಪ್ ಹನ್ನೆರಡನೆಯ ಪಯಸ್ ಅವರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರನ್ನು ಕುರಿತು ಮಾತನಾಡಿದರು. ಪೋಪರು ಖಗೋಳವಿಜ್ಞಾನದಲ್ಲಿ ನಿಜವಾದ ಆಸಕ್ತಿಯುಳ್ಳವರು; ನೀಹಾರಿಕೆಗಳ ಸರಿತ, ಉಲ್ಕೆಗಳ ವಯಸ್ಸು, ಶಕ್ತಿಯ ಕ್ಷಯ ಎಲ್ಲವನ್ನೂ ಓದಿಕೊಂಡು ಬಂದಿದ್ದರು. ಇವುಗಳಿಗೆ ಇನ್ನೂ ಹೆಚ್ಚಿನ ಸಂಶೋಧನೆ ಬೇಕೆಂಬ ಎಚ್ಚರದ ಮಾತನ್ನೂ ಸೇರಿಸಿದರು. ಆದರೆ ಭಾಷಣದ ಒಟ್ಟು ಧ್ವನಿ ಬೇರೆಯಾಗಿತ್ತು. ಇಂದಿನ ವಿಜ್ಞಾನ ಒಂದೇ ನೆಗೆತದಲ್ಲಿ ಕೋಟ್ಯಂತರ ವರ್ಷ ಹಿಂದಕ್ಕೆ ಹಾರಿ, ದೇವರು ಬೆಳಕಿಗೆ ಅಪ್ಪಣೆ ಕೊಟ್ಟ ಆ ಆದಿಮ ಗಳಿಗೆಗೆ ಸಾಕ್ಷಿಯಾಗಿ ನಿಂತಂತಿದೆ. ಆದ್ದರಿಂದ ಸೃಷ್ಟಿಯೂ ಉಂಟು, ಸೃಷ್ಟಿಕರ್ತನೂ ಉಂಟು ಎಂಬುದೇ ಆ ಧ್ವನಿ. ಮರುದಿನದ ಪತ್ರಿಕೆಗಳು ಹಿಡಿದದ್ದು ಅದನ್ನೇ. ಗ್ಯಾಮೊ ಎಂಬ ವಿನೋದಪ್ರಿಯ ಭೌತವಿಜ್ಞಾನಿ ೧೯೫೨ರಲ್ಲಿ ತಮ್ಮದೊಂದು ಸಂಶೋಧನ ಲೇಖನದಲ್ಲಿ ಪೋಪರ ಭಾಷಣವನ್ನು ಆಧಾರವೆಂಬಂತೆ ಉಲ್ಲೇಖಿಸಿ ಕುಚೋದ್ಯ ಮಾಡಿದರು.

ಲೆಮೇತ್ರರು ೧೯೩೬ರಿಂದ ಆ ಅಕಾಡೆಮಿಯ ಸದಸ್ಯರು. ತಮ್ಮ ಧರ್ಮದ ಪರಮಾಧ್ಯಕ್ಷರೇ ತಮ್ಮ ಸಿದ್ಧಾಂತಕ್ಕೆ ಮುದ್ರೆಯೊತ್ತಿದಾಗ ಒಬ್ಬ ಪಾದ್ರಿ ಹಿಗ್ಗಬೇಕಾಗಿತ್ತು. ಅವರು ಹಿಗ್ಗಲಿಲ್ಲ, ನೊಂದರು. ಏಕೆ? ಕಾರಣಗಳು ಮೂರೆಂದು ನನಗೆ ತೋರುತ್ತದೆ.

ಮೊದಲನೆಯದು ವಿಜ್ಞಾನಕ್ಕೆ ಸಂಬಂಧಿಸಿದ್ದು. ಅವರ ಸಿದ್ಧಾಂತ ಆಗ ಪರೀಕ್ಷೆಯ ಕಟಕಟೆಯಲ್ಲಿತ್ತು. ಹಿಗ್ಗುವಿಕೆಯ ಅಂದಿನ ಅಳತೆಗಳನ್ನು ನೇರವಾಗಿ ಹಿಂದಕ್ಕೆ ಎಣಿಸಿದರೆ ವಿಶ್ವದ ವಯಸ್ಸು ಇನ್ನೂರು ಕೋಟಿ ವರ್ಷವೂ ಆಗುತ್ತಿರಲಿಲ್ಲ. ಭೂಮಿಯ ವಯಸ್ಸೇ ಅದಕ್ಕಿಂತ ಹೆಚ್ಚು. ಮಗಳು ತಾಯಿಗಿಂತ ಹಿರಿಯಳಾದ ಹಾಗೆ. ಲೆಮೇತ್ರರು ಐನ್‌ಸ್ಟೈನರೇ ೧೯೩೧ರಲ್ಲಿ ಕೈಬಿಟ್ಟ ವಿಶ್ವಸ್ಥಿರಾಂಕವನ್ನು ಉಳಿಸಿಕೊಂಡು, ವಿಶ್ವ ನಡುವೆ ಕೆಲಕಾಲ ಹಿಗ್ಗಲು ಅನುಮಾನಿಸಿ ನಿಂತಿತ್ತೆಂದು ಹೇಳಿ ಈ ತೊಡಕಿನಿಂದ ಪಾರಾಗಲು ಯತ್ನಿಸಿದ್ದರು. ಇಂಥ ಇನ್ನೂ ಒಣಗದ ಗೋಡೆಯ ಮೇಲೆ ದೇವಾಲಯದ ಗೋಪುರವನ್ನು ಏರಿಸಬಹುದೆ?

ಎರಡನೆಯ ಕಾರಣ ಶ್ರದ್ಧೆಗೆ ಸಂಬಂಧಿಸಿದ್ದು. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯ. ಲೂವೆನ್ ನಗರ ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ತತ್ತ್ವಶಾಸ್ತ್ರದ ಪುನರುಜ್ಜೀವನಕ್ಕೆ ಹೆಸರಾದ ಕೇಂದ್ರ. ಜಗತ್ತಿಗೆ ಕಾಲದಲ್ಲಿ ಒಂದು ಮೊದಲಿತ್ತೆಂಬುದನ್ನು ಶ್ರದ್ಧೆಯಿಂದ ತಿಳಿಯಬಹುದೇ ಹೊರತು ತರ್ಕದಿಂದ ಸಿದ್ಧಪಡಿಸಲಾಗದೆಂದು ಅಕ್ವಿನಾಸರು ಆಗಲೇ ಹೇಳಿದ್ದರು. ಸೃಷ್ಟಿ ಎಂದರೆ ಎಂದೋ ನಡೆದ ಮೊದಲ ಘಟನೆಯಲ್ಲ. ಪ್ರತಿಯೊಂದು ವಸ್ತುವೂ ತನ್ನ ಇರವಿಗಾಗಿ ಪ್ರತಿಕ್ಷಣವೂ ದೇವರನ್ನು ಅವಲಂಬಿಸಿರುವುದು. ಹಾಡು ಹಾಡುಗಾರನನ್ನು ಅವಲಂಬಿಸುವುದು ಮೊದಲ ಸ್ವರದಲ್ಲಿ ಮಾತ್ರವಲ್ಲವಷ್ಟೆ; ನಡುವಿನ ಯಾವ ಗಳಿಗೆಯಲ್ಲಿ ಆತ ನಿಲ್ಲಿಸಿದರೂ ಹಾಡಿಲ್ಲ. ಹೀಗೆ ತಿಳಿದವನಿಗೆ ವಿಶ್ವ ಅನಾದಿಯೆಂದು ನಾಳೆ ಸಿದ್ಧವಾದರೂ ದೇವರಿಗೆ ಕುಂದಿಲ್ಲ. ಆದಿಯುಳ್ಳದ್ದೆಂದು ಸಿದ್ಧವಾದರೂ ಹೊಸದಾಗಿ ಲಾಭವಿಲ್ಲ. ಭೌತವಿಜ್ಞಾನ ಹೇಳುವ ಪ್ರಾಕೃತಿಕ ಆರಂಭ ಬೇರೆ, ಧರ್ಮ ಹೇಳುವ ಸೃಷ್ಟಿ ಬೇರೆ ಎಂದು ಲೆಮೇತ್ರರು ಸಾರಿ ಹೇಳುತ್ತಿದ್ದರು. ಬೈಬಲ್ಲಿನ ಯೆಶಾಯ ಪ್ರವಾದಿ ಮಾತನಾಡುವ ಮರೆಯಾಗಿರುವ ದೇವರು ಅವರಿಗೆ ಪ್ರಿಯನಾದ ದೇವರು. ಸೃಷ್ಟಿಯ ಮೊದಲ ಗಳಿಗೆಯಲ್ಲಿ ಬೆರಳಗುರುತು ಬಿಟ್ಟು ಸಿಕ್ಕಿಬೀಳುವ ದೇವರಲ್ಲ.

ಮೂರನೆಯದು ಸಹೋದ್ಯೋಗಿಗಳ ನಡುವಣ ನಂಬಿಕೆಯ ಪ್ರಶ್ನೆ. ಹಾಯ್ಲರಂಥವರೊಡನೆ ಲೆಮೇತ್ರರ ವಾದ ಅಳತೆ, ಲೆಕ್ಕಗಳ ಮೇಲೆ ನಡೆಯಬೇಕಾದದ್ದು. ಅದು ದೇವರು ಇದ್ದಾನೆಯೇ ಇಲ್ಲವೇ ಎಂಬ ಮತದಾನವಾಗಿಬಿಟ್ಟರೆ, ನಾಸ್ತಿಕನಾದವನು ಸಿದ್ಧಾಂತವನ್ನು ಓದದೆಯೇ ತಳ್ಳುವನು. ಆಸ್ತಿಕನಾದವನು ಓದದೆಯೇ ಒಪ್ಪುವನು. ಎರಡರಿಂದಲೂ ಸತ್ಯಕ್ಕೆ ಕೇಡು.

ಅವರು ಮಾಡಿದ್ದೇನು? ಪತ್ರಿಕೆಗೆ ಬರೆಯಲಿಲ್ಲ, ಸಭೆಯಲ್ಲಿ ಪ್ರತಿಭಟಿಸಲಿಲ್ಲ. ೧೯೫೨ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಮಹಾಸಭೆ ರೋಮಿನಲ್ಲಿ ಸೇರಲಿತ್ತು. ಪೋಪರು ಅಲ್ಲಿ ಬಂದ ನೂರಾರು ವಿಜ್ಞಾನಿಗಳನ್ನು ಕುರಿತು ಮತ್ತೆ ಮಾತನಾಡಲಿದ್ದರು. ಅದಕ್ಕೆ ಮುನ್ನ ಲೆಮೇತ್ರರು ರೋಮಿಗೆ ಹೋಗಿ, ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾದ ಫಾದರ್ ಓಕಾನೆಲ್ಲರನ್ನು ಕಂಡು ತಮ್ಮ ಕಳವಳವನ್ನು ತಿಳಿಸಿದರು. ಸೆಪ್ಟೆಂಬರ್ ೭ರಂದು ಪೋಪರು ಭಾಷಣ ಮಾಡಿದರು. ಖಗೋಳವಿಜ್ಞಾನದ ಸಾಧನೆಗಳನ್ನು ಮನಸಾರೆ ಹೊಗಳಿದರು. ಆದರೆ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿಯಾಗಿ ಕರೆಯುವ ಹಿಂದಿನ ವರ್ಷದ ಮಾತು ಅದರಲ್ಲಿರಲಿಲ್ಲ. ಗೆಲಿಲಿಯೋ ಮೊಣಕಾಲೂರಿದ ನಗರದಲ್ಲಿಯೇ ಒಬ್ಬ ಸಾಮಾನ್ಯ ಪಾದ್ರಿಯ ವಿನಯದ ಮಾತಿಗೆ ಹೀಗೆ ಬೆಲೆ ಬಂತು. ಆತ ದೂರವಾದವನೂ ಆಗಲಿಲ್ಲ. ೧೯೬೦ರಲ್ಲಿ ಅದೇ ಅಕಾಡೆಮಿಯ ಅಧ್ಯಕ್ಷರಾಗಿ, ಕೊನೆಯವರೆಗೂ ಆ ಸ್ಥಾನದಲ್ಲಿದ್ದರು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಅದನ್ನು ತಪ್ಪಿಸಿಕೊಂಡು ಹೋಗುವುದು ನ್ಯಾಯವಲ್ಲ. ಯಾವ ವಿಜ್ಞಾನವೂ ಶ್ರದ್ಧೆಗೆ ಆಧಾರ ಕೊಡಲಾರದೆಂದರೆ, ಯಾವ ವಿಜ್ಞಾನವೂ ಅದನ್ನು ಅಲುಗಿಸಲಾರದೆಂದೂ ಆಯಿತಲ್ಲ? ಇದು ಶ್ರದ್ಧೆಯನ್ನು ಯಾರ ಕೈಗೂ ಸಿಗದ ಅಟ್ಟದ ಮೇಲೆ ಇಟ್ಟು ಕಾಪಾಡುವ ಜಾಣತನವಲ್ಲವೆ? ಈ ಪ್ರಶ್ನೆ ಗಟ್ಟಿಯಾದದ್ದೇ. ಲೆಮೇತ್ರರು ೧೯೩೩ರಲ್ಲಿ ಒಬ್ಬ ಅಮೆರಿಕನ್ ಪತ್ರಿಕೋದ್ಯೋಗಿಗೆ, ಸತ್ಯಕ್ಕೆ ಎರಡು ದಾರಿಗಳಿವೆಯೆಂದೂ ತಾವು ಎರಡರಲ್ಲಿಯೂ ನಡೆಯಲು ನಿಶ್ಚಯಿಸಿದುದಾಗಿಯೂ ಹೇಳಿದ್ದರು. ಆದರೆ ನಡೆಯುವವನು ಒಬ್ಬನೇ ಎಂಬುದನ್ನು ನಾವು ಮರೆಯಬಾರದು. ಜಗತ್ತು ಬುದ್ಧಿಗೆ ಎಟಕುವಂಥದು, ಅದರ ಒಗಟಿಗೆ ಉತ್ತರವಿದೆ ಎಂಬ ಭರವಸೆಯನ್ನು ಅವರು ತಮ್ಮ ಶ್ರದ್ಧೆಯಿಂದ ಪಡೆದರು. ಉತ್ತರ ಯಾವುದೆಂಬುದನ್ನು ಮಾತ್ರ ಅದರಿಂದ ಪಡೆಯಲಿಲ್ಲ. ಅದಕ್ಕಾಗಿ ಎಲ್ಲರಂತೆ ಲೆಕ್ಕ ಮಾಡಿದರು. ಈ ಭರವಸೆಗೆ ದೇವರೇ ಬೇಕೆಂದೇನೂ ಇಲ್ಲ, ಹಾಯ್ಲರಿಗೂ ಅದು ಇತ್ತು ಎಂದು ನಾಸ್ತಿಕನು ಹೇಳಬಹುದು. ಹೇಳಲಿ. ಆ ವಾದ ತತ್ತ್ವಶಾಸ್ತ್ರದ ಅಂಗಳದಲ್ಲಿ ನಡೆಯಬೇಕಾದದ್ದು; ದೂರದರ್ಶಕದ ಬುಡದಲ್ಲಿ ತೀರ್ಮಾನವಾಗುವಂಥದಲ್ಲ. ಇಷ್ಟನ್ನು ಬೇರ್ಪಡಿಸಿ ತೋರಿಸಿದ್ದೇ ಅವರ ದೊಡ್ಡ ಉಪಕಾರ.

ಅವರ ಎಚ್ಚರ ಎಷ್ಟು ಸರಿಯಾಗಿತ್ತೆಂಬುದನ್ನು ಮುಂದಿನ ಚರಿತ್ರೆ ತೋರಿಸಿತು. ಆದಿಯ ಆ ಒಡೆತದ ಬೂದಿಯೇ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳೆಂದು ಅವರು ನಂಬಿದ್ದರು. ಅದು ತಪ್ಪಾಯಿತು. ಒಂದು ಭಾರಿ ಪರಮಾಣು ಒಡೆದು ಚೂರಾಯಿತೆಂಬ ಚಿತ್ರವೂ ಉಳಿಯಲಿಲ್ಲ. ವಿಶ್ವದ ವಯಸ್ಸಿನ ಲೆಕ್ಕ ಬದಲಾಗುತ್ತ ಇಂದು ಸುಮಾರು ೧,೩೮೦ ಕೋಟಿ ವರ್ಷಕ್ಕೆ ಬಂದು ನಿಂತಿದೆ. ಅವರು ಬಿಡದೆ ಹಿಡಿದಿದ್ದ ವಿಶ್ವಸ್ಥಿರಾಂಕ ಮಾತ್ರ, ಹಿಗ್ಗುವಿಕೆಯ ವೇಗ ಹೆಚ್ಚುತ್ತಿದೆಯೆಂದು ೧೯೯೮ರಲ್ಲಿ ಕಂಡುಬಂದ ಮೇಲೆ, ಮತ್ತೆ ಗೌರವ ಪಡೆಯಿತು. ೧೯೫೧ರ ವಿಜ್ಞಾನಕ್ಕೆ ಶ್ರದ್ಧೆಯನ್ನು ಕಟ್ಟಿಹಾಕಿದ್ದರೆ, ಒಂದೊಂದು ತಿದ್ದುಪಡಿಗೂ ಶ್ರದ್ಧೆಯನ್ನೂ ತಿದ್ದುತ್ತ ಹೋಗಬೇಕಾಗುತ್ತಿತ್ತು.

ಇದು ಕ್ರೈಸ್ತರಿಗೆ ಮಾತ್ರ ಸೇರಿದ ಮಾತಲ್ಲ. ವಿಶ್ವದ ಮೊಟ್ಟೆ ಎಂದಾಗಲೇ ಕನ್ನಡದ ಓದುಗರಿಗೆ ಬ್ರಹ್ಮಾಂಡವೆಂಬ ಪದದೊಳಗಿನ ಅಂಡ ನೆನಪಾಗಿರಬಹುದು, ಹಿರಣ್ಯಗರ್ಭ ನೆನಪಾಗಿರಬಹುದು. ಮಹಾಸ್ಫೋಟ ನಮ್ಮ ಋಷಿಗಳಿಗೆ ಮೊದಲೇ ತಿಳಿದಿತ್ತೆಂದು ಹೆಮ್ಮೆಯಿಂದ ಹೇಳುವ ಭಾಷಣಗಳನ್ನು ನಾವೆಲ್ಲ ಕೇಳಿದ್ದೇವೆ. ಹೆಮ್ಮೆಯ ಹಿಂದಿರುವ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಪೋಪರ ಮಾತಿನ ಹಿಂದೆ ಇದ್ದುದೂ ಪ್ರೀತಿಯೇ. ಆದರೆ ಋಷಿಯ ಮಾತಿಗೆ ವಿಜ್ಞಾನಿಯ ಸರ್ಟಿಫಿಕೇಟು ಬೇಕೆಂದುಕೊಂಡಾಗ, ದೊಡ್ಡದೆಂದು ನಾವು ಒಪ್ಪಿಕೊಂಡದ್ದು ಯಾರ ಮಾತನ್ನು? ಗೌರವಿಸಹೋಗಿ ಕಿರಿದು ಮಾಡಿದಂತಾಗುವುದಿಲ್ಲವೆ?

ಕಥೆಯ ಕೊನೆ ಇನ್ನೊಂದಿದೆ. ೧೯೬೪ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ಒಂದು ರೇಡಿಯೋ ಆಂಟೆನಾದಲ್ಲಿ, ಯಾವ ದಿಕ್ಕಿಗೆ ತಿರುಗಿಸಿದರೂ ಬಿಡದ ಒಂದು ಸಣ್ಣ ಗೊರಗೊರ ಸದ್ದನ್ನು ಕಂಡುಕೊಂಡರು. ಅದು ವಿಶ್ವದ ಬಿಸಿಯಾದ ಬಾಲ್ಯದಿಂದ ಹೊರಟು, ಹಿಗ್ಗುತ್ತ ತಣಿದು, ಪರಮಶೂನ್ಯಕ್ಕಿಂತ ಕೇವಲ ಮೂರು ಡಿಗ್ರಿಯಷ್ಟು ಮೇಲೆ ಉಳಿದ ಹಳೆಯ ಬೆಳಕೆಂದು ೧೯೬೫ರಲ್ಲಿ ಪ್ರಕಟವಾಯಿತು. ೧೯೬೬ರ ಜೂನಿನಲ್ಲಿ ಲೆಮೇತ್ರರು ಆಸ್ಪತ್ರೆಯಲ್ಲಿ ಮರಣಶಯ್ಯೆಯ ಮೇಲಿದ್ದಾಗ ಅವರ ಸಹಾಯಕರಾಗಿದ್ದ ಗೊದಾರ್ ಈ ಸುದ್ದಿಯನ್ನು ಅವರಿಗೆ ಮುಟ್ಟಿಸಿದರು. ಸುದ್ದಿ ಅವರಿಗೆ ಸಮಾಧಾನ ತಂದಿತು. ಆ ತಿಂಗಳ ೨೦ರಂದು ಅವರು ತೀರಿಕೊಂಡರು.

ಮೂವತ್ತೈದು ವರ್ಷ ಸಂದೇಹಗಳನ್ನು ಹೊತ್ತ ಸಿದ್ಧಾಂತ ಗೆದ್ದ ಸುದ್ದಿ ಅದು. ಅದನ್ನು ಅವರು ತಮ್ಮ ದೇವರು ಗೆದ್ದ ಸುದ್ದಿಯೆಂದು ಎಲ್ಲಿಯೂ ಹೇಳಿಕೊಂಡಿರಲಿಲ್ಲ; ಹೇಳುವ ಅಗತ್ಯ ಅವರಿಗೆ ಇರಲೂ ಇಲ್ಲ. ಬೆರಳಚ್ಚಿನ ಆ ಹಾಳೆಯಲ್ಲಿ ಗೀಟು ಹೊಡೆದ ಮಾತುಗಳನ್ನು ಅವರು ಬಿಟ್ಟದ್ದು ಅವುಗಳಲ್ಲಿ ನಂಬಿಕೆಯಿಲ್ಲವೆಂದಲ್ಲ, ಅವು ಇರಬೇಕಾದ ಜಾಗ ಅದಲ್ಲವೆಂದು. ತಾನು ನಂಬಿದ್ದನ್ನು ಎಲ್ಲಿ ಹೇಳಬೇಕು, ಎಲ್ಲಿ ಹೇಳಬಾರದು ಎಂಬ ವಿವೇಕವೂ ಶ್ರದ್ಧೆಯ ಒಂದು ಭಾಗವೆಂಬುದನ್ನು ನಾನು ಆ ಪಾದ್ರಿಯಿಂದ ಕಲಿತಿದ್ದೇನೆ.